ಛಾಯಾಚಿತ್ರದ ಹದ್ದಿಗೆ ಹೆಸರಿಡುವ ಮುನ್ನ

ಬೇಟೆಹಕ್ಕಿಯ ಛಾಯಾಚಿತ್ರವೊಂದನ್ನು ಮುಂದಿಟ್ಟು "ಇದು ಯಾವ ಹಕ್ಕಿ?" ಎಂದು ಕೇಳುವುದು ನಮ್ಮ ವಿದ್ಯಾರ್ಥಿಗಳಲ್ಲಿ ಈಗ ಬಹಳ ರೂಢಿಗೆ ಬಂದಿದೆ. ಇದು ಸಂತೋಷದ ಸಂಗತಿಯೇ. ಹಿಂದೊಂದು ಕಾಲದಲ್ಲಿ ಹಕ್ಕಿಯ ಹೆಸರನ್ನು ಸಂದೇಹವಿಲ್ಲದೆ ಹೇಳಬೇಕಾದರೆ ಅದನ್ನು ಬಂದೂಕಿನಿಂದ ಕೆಡವಿ, ಚರ್ಮವನ್ನು ಸುಲಿದು, ಸಂಗ್ರಹಾಲಯದ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಬೇಕಾಗಿತ್ತು. ಬಂದೂಕಿನ ಸ್ಥಾನಕ್ಕೆ ಮೊದಲು ದುರ್ಬೀನೂ ಆಮೇಲೆ ಕ್ಯಾಮರವೂ ಬಂದುದನ್ನು ಯಾರು ತಾನೆ ಬೇಡವೆಂದಾರು? ಆದರೆ ಪ್ರಶ್ನೆಯ ಬೆನ್ನಿಗೇ ಉತ್ತರವೂ ಬಂದುಬಿಡಬೇಕೆಂಬ ಆತುರ ಈಗ ಅದರ ಜೊತೆಗೆ ಸೇರಿಕೊಂಡಿದೆ. ಮೊಬೈಲಿನ ತಂತ್ರಾಂಶವು ಕ್ಷಣಾರ್ಧದಲ್ಲಿ ಒಂದು ಹೆಸರನ್ನು ಸೂಚಿಸುತ್ತದೆ; ಆ ಹೆಸರು ಹಾಗೆಯೇ ದಾಖಲೆಯನ್ನು ಸೇರುತ್ತದೆ. ಒಂದೇ ಒಂದು ಪಟವನ್ನು ನಂಬಿ ಬೇಟೆಹಕ್ಕಿಗೆ ಹೆಸರಿಡುವ ಈ ಪದ್ಧತಿಯನ್ನು ನಾವು ಒಪ್ಪಲಾರೆವು. "ಹೆಸರು ನಿಶ್ಚಯವಾಗಿಲ್ಲ" ಎಂಬುದೂ ಗೌರವದ ಉತ್ತರವೆಂದು ನಮ್ಮ ಶಾಲೆ ಕಾಲೇಜುಗಳು ಮನ್ನಿಸಬೇಕೆಂಬುದು ನಮ್ಮ ವಾದ.

ದೂರ ಹೋಗಬೇಕಾದುದಿಲ್ಲ. ಊರಿನ ಮೇಲೆ ಸುತ್ತುವ ಹದ್ದನ್ನೂ ಕೆರೆಯ ಮೇಲೆ ತೇಲುವ ಗರುಡನನ್ನೂ ಎಲ್ಲರೂ ಬಲ್ಲರು. ಬೆಳೆದ ಗರುಡನ ತಲೆಯೂ ಎದೆಯೂ ಬಿಳಿ, ಉಳಿದ ಮೈ ಕೆಂಗಂದು. ಇದರಲ್ಲಿ ತಪ್ಪಲು ಅವಕಾಶವಿಲ್ಲ. ಆದರೆ ಎಳೆಯ ಗರುಡನ ಮೈಯೆಲ್ಲ ಕಂದು, ಹದ್ದಿನಂತೆಯೇ. ಆಗ ನೋಡಬೇಕಾದುದು ಬಾಲವನ್ನು. ಹದ್ದಿನ ಬಾಲ ಕವಲೊಡೆದಿರುತ್ತದೆ, ಗರುಡನ ಬಾಲದ ಅಂಚು ದುಂಡು. ಇಷ್ಟಕ್ಕೆ ಮುಗಿಯಿತೆ? ಹದ್ದು ತಿರುವಿನಲ್ಲಿ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿದಾಗ ಕವಲು ಮಾಯವಾಗಿ ಅಂಚು ನೆಟ್ಟಗಾಗಿ ಬಿಡುತ್ತದೆ. ಬಯಲಲ್ಲಿ ನಿಂತು ನೋಡುವವನಿಗೆ ಬಾಲವು ಬಿಚ್ಚುವುದೂ ಮುಚ್ಚುವುದೂ ಹತ್ತಾರು ಬಾರಿ ಕಾಣುತ್ತದೆ. ಪಟದಲ್ಲಿ ಉಳಿಯುವುದು ಆ ಒಂದು ಗಳಿಗೆ ಮಾತ್ರ.

ಬಣ್ಣದ ವಿಷಯದಲ್ಲಂತೂ ಪಟವನ್ನು ನಂಬುವಂತೆಯೇ ಇಲ್ಲ. ಬೆಳ್ಳನೆಯ ಮೋಡದ ಹಿನ್ನೆಲೆಯಲ್ಲಿ ತೆಗೆದ ಹಕ್ಕಿಯ ಹೊಟ್ಟೆ ಕರಿದಾಗಿ ಕಾಣುವುದು. ಸಂಜೆಯ ಬಿಸಿಲು ಬೂದು ಗರಿಗೂ ಕೆಂಪು ಬಳಿಯುವುದು. ಇನ್ನು ಗಾತ್ರ. ಬರಿಯ ಆಕಾಶದಲ್ಲಿ ಅಳತೆಗೆ ಮರವೂ ಇಲ್ಲ, ಕಾಗೆಯೂ ಇಲ್ಲ; ಪಾರಿವಾಳದಷ್ಟಿರುವ ಬಿಜ್ಜುವೂ ದೊಡ್ಡ ಗಿಡುಗವೂ ಕಾಗದದ ಮೇಲೆ ಒಂದೇ ಗಾತ್ರದವಾಗುತ್ತವೆ.

ಈ ಎಲ್ಲ ತೊಡಕುಗಳನ್ನೂ ಒಂದೇ ಮೈಯಲ್ಲಿ ಹೊತ್ತ ಹಕ್ಕಿಯೆಂದರೆ ಜೇನುಗಿಡುಗ. ಜೇನು ಮತ್ತು ಕಣಜಗಳ ಹುಟ್ಟುಗಳನ್ನು ಕಿತ್ತು ಅವುಗಳ ಮರಿಹುಳುಗಳನ್ನು ತಿನ್ನುವುದು ಇದರ ಕಸುಬು. ಕೊಂಡಿಯ ಏಟಿನಿಂದ ಕಾಪಾಡಲು ಮುಖದ ಮೇಲೆ ಹುರುಪೆಗಳಂತಹ ಒತ್ತಾದ ಸಣ್ಣ ಗರಿಗಳಿವೆ. ಒಂದು ಹಕ್ಕಿಯ ಹೊಟ್ಟೆ ಹೆಚ್ಚುಕಡಮೆ ಬಿಳಿ, ಮತ್ತೊಂದರದು ಅಡ್ಡಪಟ್ಟೆ, ಇನ್ನೊಂದರದು ಕಾಫಿ ಬೀಜದ ಕಂದು. ಬಣ್ಣವನ್ನು ನೆಚ್ಚಿದವನು ಇದನ್ನು ಜುಟ್ಟಿನ ಗಿಡುಗವೆಂದೋ ಮತ್ತಾವುದೋ ದೊಡ್ಡ ಗಿಡುಗವೆಂದೋ ಬರೆದುಬಿಡುತ್ತಾನೆ. ಆಕಾರವನ್ನು ನೋಡಿದವನಿಗೆ ಬೇರೆಯ ಸಂಗತಿಗಳು ತೋರಿಬರುತ್ತವೆ: ಮೈಗೆ ಹೋಲಿಸಿದರೆ ಪಾರಿವಾಳದ್ದರಂತೆ ಸಣ್ಣ ತಲೆ, ನೀಳವಾದ ಕೊರಳು. ಜುಟ್ಟಿನ ಗಿಡುಗದ ಕಾಲುಗಳು ಬೆರಳ ಬುಡದವರೆಗೂ ಗರಿ ಹೊದ್ದಿದ್ದರೆ, ಜೇನುಗಿಡುಗದ ಕಾಲು ಬೋಳು.

ಇಲ್ಲಿ ಕ್ಯಾಮರದ ಉಪಕಾರವನ್ನೂ ಹೇಳಬೇಕು. ಹಾರುವ ಹಕ್ಕಿಯ ರೆಕ್ಕೆಯ ತುದಿಯಲ್ಲಿ ಬೆರಳುಗಳಂತೆ ಬಿಡಿಬಿಡಿಯಾಗಿ ನಿಲ್ಲುವ ಗರಿಗಳನ್ನು ಎಣಿಸುವುದು ಬರಿಗಣ್ಣಿಗೆ ಕಷ್ಟ, ಪಟದಲ್ಲಿ ಸುಲಭ. ನಮ್ಮ ಜೇನುಗಿಡುಗಕ್ಕೆ ಅಂತಹ ಬೆರಳುಗಳು 6, ಯೂರೋಪಿನ ಅದರ ದಾಯಾದಿಗೆ 5. ಬಿಜ್ಜುವಿಗೆ 5, ಚಳಿಗಾಲದಲ್ಲಿ ಉತ್ತರದಿಂದ ಬರುವ, ಸ್ಪ್ಯಾರೋಹಾಕ್ ಎಂದು ಹೆಸರಾದ ಅದರ ಬಂಧುವಿಗೆ 6. ಹಾಗೆಯೇ ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಇಳಿದುಬರುವ ಸ್ಟೆಪ್ ಗಿಡುಗದ ಕಟವಾಯಿ ಕಣ್ಣಿನ ಹಿಂದಿನ ಅಂಚಿನವರೆಗೂ ಸೀಳಿರುವುದನ್ನು ಒಂದು ಒಳ್ಳೆಯ ಪಟ ಸ್ಪಷ್ಟವಾಗಿ ತೋರಿಸಬಲ್ಲುದು. ಆದರೆ ಹಳೆಯ ಗರಿ ಉದುರಿ ಹೊಸದು ಮೂಡುವ ಕಾಲದಲ್ಲಿ ಬೆರಳಿನ ಲೆಕ್ಕವೂ ತಪ್ಪೀತು. ಒಂದೇ ಗುರುತನ್ನು ನೆಮ್ಮಿ ಕೂರುವಂತಿಲ್ಲ.

ಪಟಕ್ಕೆ ದನಿಯಿಲ್ಲವೆಂಬುದನ್ನೂ ಮರೆಯಬಾರದು. ಬಿಜ್ಜುವಿನ ಉಡುಪನ್ನೇ ತೊಟ್ಟ ಒಂದು ಜಾತಿಯ ಕೋಗಿಲೆಯುಂಟು. ಬೂದು ಬೆನ್ನು, ಪಟ್ಟೆ ಬಾಲ, ಹಾರುವ ಠೀವಿ ಎಲ್ಲವೂ ಬಿಜ್ಜುವಿನವೇ. ಸಣ್ಣ ಹಕ್ಕಿಗಳೇ ಮೋಸಹೋಗಿ ಬೆದರುತ್ತವೆಂದ ಮೇಲೆ ನಮ್ಮ ಪಾಡೇನು! ಬೇಸಗೆಯಲ್ಲಿ ರಾತ್ರಿಯೂ ಬಿಡದೆ ಸ್ವರವೇರಿಸುತ್ತ ಕೂಗುವ ಅದರ ದನಿಯನ್ನು ಕೇಳಿದವನಿಗೆ ಸಂದೇಹವೇ ಬಾರದು. ಪಟ ಮಾತ್ರವೇ ಕೈಯಲ್ಲಿದ್ದರೆ ಕೊಕ್ಕಿಗೆ ಬೇಟೆಹಕ್ಕಿಯ ಕೊಕ್ಕೆಯಿಲ್ಲವೆಂಬುದನ್ನೂ ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವುದನ್ನೂ ಹುಡುಕಬೇಕು.

1934ರಲ್ಲಿ ಅಮೆರಿಕದ ರೋಜರ್ ಟೋರಿ ಪೀಟರ್ಸನ್ ತನ್ನ ಕೈಪಿಡಿಯಲ್ಲಿ ಹಕ್ಕಿಗಳ ಚಿತ್ರ ಬರೆದು, ನೋಡಬೇಕಾದ ಗುರುತುಗಳಿಗೆ ಸಣ್ಣ ಗೆರೆಗಳನ್ನೆಳೆದು ತೋರಿಸಿದ. ಕಲಿಯುವವರಿಗೆ ಇಂದಿಗೂ ಛಾಯಾಚಿತ್ರಕ್ಕಿಂತ ಒಳ್ಳೆಯ ಕೈಬರಹದ ಚಿತ್ರವೇ ಮೇಲೆಂದು ನಮಗೆ ತೋರುತ್ತದೆ. ಕ್ಯಾಮರ ಕಂಡದ್ದು ಒಂದು ಹಕ್ಕಿಯನ್ನು, ಒಂದು ಬೆಳಕಿನಲ್ಲಿ; ಚಿತ್ರಕಾರ ನೂರು ಹಕ್ಕಿಗಳನ್ನು ನೋಡಿ ಅವುಗಳಿಗೆಲ್ಲ ಸಾಮಾನ್ಯವಾದ ರೂಪವನ್ನು ಬರೆಯುತ್ತಾನೆ. ನಮ್ಮ ಉಪಖಂಡದ ಬೇಟೆಹಕ್ಕಿಗಳನ್ನು ಕುರಿತು ರಿಷದ್ ನವರೋಜಿಯವರು 2006ರಲ್ಲಿ ಹೊರತಂದ ದೊಡ್ಡ ಗ್ರಂಥವನ್ನು ಕಾಲೇಜಿನ ಪುಸ್ತಕಾಲಯಗಳು ತರಿಸಿಡಬೇಕು.

ಹೆಸರು ತಪ್ಪಿದರೆ ನಷ್ಟವೇನೆಂದು ಕೇಳುವವರಿದ್ದಾರೆ. ರಣಹದ್ದುಗಳ ಕಥೆಯನ್ನು ನೋಡಿ. ಬಂಡೆಗಳಲ್ಲಿ ಗೂಡುಕಟ್ಟುವ ನೀಳಕೊಕ್ಕಿನ ರಣಹದ್ದು ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿದೆ. 2012ರಲ್ಲಿ ಆ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಗಂಗಾ ಬಯಲಿನಲ್ಲಿಯೂ ಅಸ್ಸಾಮಿನಲ್ಲಿಯೂ ಮರಗಳ ಮೇಲೆ ಗೂಡುಕಟ್ಟುವ, ಇನ್ನೂ ತೆಳುಕೊಕ್ಕಿನ ಹಕ್ಕಿಯನ್ನು ಇದರದೇ ಒಂದು ಬಗೆಯೆಂದು ಪುಸ್ತಕಗಳು ಬಹುಕಾಲ ಎಣಿಸಿದ್ದವು. ಅವು ಎರಡು ಬೇರೆ ಜಾತಿಗಳೆಂದು ವಿದ್ವಾಂಸರು ವಾದಿಸಿ ತೋರಿಸಿದುದು 2001ರಲ್ಲಿ. ಅಷ್ಟರೊಳಗೆ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಅವುಗಳ ಹೆಣಗಳ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲತೊಡಗಿತ್ತು. ಬಿಳಿಬೆನ್ನಿನ ರಣಹದ್ದು 1992ರಲ್ಲಿ ಸಾವಿರವಿದ್ದ ಕಡೆ 2007ರ ಹೊತ್ತಿಗೆ ಒಂದು ಉಳಿಯಿತೆನ್ನುವಷ್ಟು ಕುಸಿಯಿತು. ಪಶುವೈದ್ಯದಲ್ಲಿ ಆ ಔಷಧಿಯನ್ನು ಭಾರತವು 2006ರಲ್ಲಿ ನಿಷೇಧಿಸಿತು. ಎರಡು ಜಾತಿಗಳನ್ನು ಒಂದೇ ಹೆಸರಿನಡಿ ಎಣಿಸುತ್ತಿದ್ದಷ್ಟು ಕಾಲ, ಅವುಗಳಲ್ಲಿ ಹೆಚ್ಚು ವಿರಳವಾದ ತೆಳುಕೊಕ್ಕಿನ ಹಕ್ಕಿ ಎಷ್ಟು ಉಳಿದಿದೆಯೆಂಬ ಲೆಕ್ಕ ಬೇರೆಯಾಗಿ ಸಿಕ್ಕುವಂತಿರಲಿಲ್ಲ.

ಆದುದರಿಂದ ಕ್ಯಾಮರ ಹಿಡಿದ ತರುಣರಲ್ಲಿ ನಮ್ಮ ಕೋರಿಕೆಯಿಷ್ಟು. ಬಹುಮಾನ ಗಳಿಸುವ, ಕಣ್ಣು ಕೆರಳಿದ ಮುಖದ ಪಟದೊಡನೆ, ರೆಕ್ಕೆಯ ಅಡಿಭಾಗವೂ ಬಾಲವೂ ಕಾಣುವ ಮಸುಕು ಪಟಗಳನ್ನೂ ಅಳಿಸದೆ ಇಡಿ. ಸ್ಥಳ, ದಿನ, ಹೊತ್ತು, ಹಕ್ಕಿ ಏನು ಮಾಡುತ್ತಿತ್ತೆಂಬುದನ್ನು ಅಲ್ಲಿಯೇ ಬರೆದುಕೊಳ್ಳಿ. ಪಟದ ಆಸೆಗೆ ಗೂಡಿನ ಹತ್ತಿರ ಹೋಗಬೇಡಿ. ಅಧ್ಯಾಪಕರಲ್ಲಿ ಇನ್ನೊಂದು ಮಾತು: ಹತ್ತು ಪಟಗಳಿಗೆ ಹತ್ತು ಹೆಸರು ಬರೆಸುವ ಸ್ಪರ್ಧೆಗಳಲ್ಲಿ "ಕಾಲು ಬೋಳು, ರೆಕ್ಕೆಯ ಬೆರಳು ಆರು, ತಲೆ ಸಣ್ಣದು, ಬಾಲ ಕಾಣುವುದಿಲ್ಲ, ಹೆಸರು ನಿಶ್ಚಯವಿಲ್ಲ" ಎಂದು ಬರೆದ ಹುಡುಗಿಗೆ ಸೊನ್ನೆ ಕೊಡದೆ, ಅವಳು ಕಂಡ ಒಂದೊಂದು ಗುರುತಿಗೂ ಅಂಕ ಕೊಡಿ.