ಹೆಸರಿನ ವ್ಯಾಜ್ಯ, ಬಳೆಯ ಲೆಕ್ಕ

ಮೊನ್ನೆ ಭಾನುವಾರ ಪಾಂಡವಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಿದ್ದನು. ತಂದೆ ತೀರಿಕೊಂಡ ಮೇಲೆ ಅವನ ತಾಯಿ ತಮ್ಮ ಆಲೆಮನೆಯ ಬೆಲ್ಲಕ್ಕೊಂದು ಹೆಸರಿಟ್ಟು, ಹತ್ತು ವರ್ಷ ಮಾರಿ, ಗಿರಾಕಿಗಳ ನಂಬಿಕೆ ಗಳಿಸಿದ್ದರು. ಈಗ ಅದೇ ಹೆಸರಿನ ‘ಡಾಟ್ ಕಾಂ’ ವಿಳಾಸವನ್ನು ಬೇರೊಬ್ಬನು ನೋಂದಾಯಿಸಿಕೊಂಡು ಅಂತರಜಾಲದಲ್ಲಿ ತನ್ನ ಬೆಲ್ಲವನ್ನು ಮಾರುತ್ತಿದ್ದಾನಂತೆ.

“ವಕೀಲರ ಶುಲ್ಕಕ್ಕೆಂದು ಅಮ್ಮ ಬಳೆಗಳನ್ನು ಅಡವಿಡಲು ಹೊರಟಿದ್ದಾರೆ, ಮೇಷ್ಟ್ರೇ” ಎಂದನು.

ಕನ್ನಡ ಪಾಠ ಹೇಳುವವನಿಗೆ ಕಾನೂನಿನ ಗೊಡವೆಯೇಕೆಂದು ಸುಮ್ಮನಿರಲಾಗಲಿಲ್ಲ. ವಕೀಲ ಮಿತ್ರರಿಂದ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ದಾರಿಗಳು ಎರಡು. ಮೊದಲನೆಯದು, ನ್ಯಾಯಾಲಯದ ಹೊರಗಿನ ತೀರ್ಮಾನ. ‘ಡಾಟ್ ಕಾಂ’ ಹೆಸರುಗಳಿಗೆ 1999ರಿಂದ ಈ ಏರ್ಪಾಡಿದೆ. ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯಲ್ಲಿ, ಐದು ಹೆಸರುಗಳವರೆಗೆ, ಒಬ್ಬ ತೀರ್ಪುಗಾರರಾದರೆ 1,500 ಡಾಲರು, ಮೂವರಾದರೆ 4,000 ಡಾಲರು. ತೆರಬೇಕಾದವರು ದೂರು ಕೊಟ್ಟವರು. ಒಬ್ಬರು ಸಾಕೆಂದು ಅವರು ಹೇಳಿದ್ದರೂ ಪ್ರತಿವಾದಿಯು ಮೂವರನ್ನು ಕೇಳಿದರೆ ಮಾತ್ರ ಶುಲ್ಕ ಇಬ್ಬರಿಗೂ ಸಮಪಾಲು. ವಕೀಲರ ಸಂಭಾವನೆ ಬೇರೆ. ಗೆದ್ದರೆ ಹೆಸರು ಕೈಸೇರಬಹುದು, ಇಲ್ಲವೇ ರದ್ದಾಗಬಹುದು. ಪರಿಹಾರವಾಗಲಿ ಖರ್ಚಾಗಲಿ ದೊರೆಯದು.

ಎರಡನೆಯದು ನ್ಯಾಯಾಲಯ. ಇಲ್ಲಿ ಪರಿಹಾರವನ್ನೂ ಕೇಳಬಹುದು. ಆದರೆ ಮೆಟ್ಟಿಲುಗಳು ಹಲವು. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಣ ವ್ಯಾಜ್ಯವನ್ನೇ ನೋಡಿ. ಬೆಂಗಳೂರಿನ ಸಿವಿಲ್ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಹೈಕೋರ್ಟು ಅದನ್ನು ರದ್ದುಮಾಡಿತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಎತ್ತಿಹಿಡಿಯಿತು. ಅಂತರಜಾಲದ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತಿನಂತೆ ಅದಕ್ಕೂ ರಕ್ಷಣೆಯುಂಟೆಂಬುದು ಅಂದು ಸ್ಥಿರಪಟ್ಟಿತು.

ವಕೀಲರ ಶುಲ್ಕವನ್ನು ಒಟ್ಟು ಮೊತ್ತವಾಗಿ, ಹಂತಹಂತವಾಗಿ, ಇಲ್ಲವೇ ಪ್ರತಿ ಹಾಜರಿಗಿಷ್ಟೆಂದು ಗೊತ್ತುಮಾಡಿಕೊಳ್ಳಬಹುದು. ಯಾವುದಾದರೂ ಸರಿ, ಬರವಣಿಗೆಯಲ್ಲಿರಲಿ. “ಗೆದ್ದರೆ ಇಷ್ಟು ಪಾಲು” ಎಂಬ ಕರಾರನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ.

ಇನ್ನೊಂದು ಮಾತನ್ನು ಅನೇಕರು ಅರಿಯರು. 1987ರ ಕಾನೂನು ಸೇವೆಗಳ ಅಧಿನಿಯಮದಂತೆ, ವ್ಯಾಜ್ಯದಲ್ಲಿ ಹುರುಳಿದ್ದರೆ, ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ನ್ಯಾಯಾಲಯದಲ್ಲಿ ಉಚಿತ ನೆರವು ದೊರೆಯುತ್ತದೆ. ಇಂಥ ದಾವೆ ನಡೆಯುವುದು ಜಿಲ್ಲಾ ನ್ಯಾಯಾಲಯದಲ್ಲಿಯೇ ಆದರೂ, ಪಾಂಡವಪುರದವರಾಗಲಿ, ಕೃಷ್ಣರಾಜಪೇಟೆ ನಾಗಮಂಗಲದವರಾಗಲಿ ತಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿಯೇ ಮೊದಲು ವಿಚಾರಿಸಬಹುದು.

ಹುಡುಗನಿಗೆ ಇಷ್ಟನ್ನು ಹೇಳಿ ಕಳುಹಿಸುವಾಗ ಒಂದು ಮಾತು ಸೇರಿಸಿದೆನು: “ಬಳೆಗಳು ಅಮ್ಮನ ಕೈಯಲ್ಲೇ ಇರಲಿ. ಹತ್ತು ವರ್ಷದ ಬಿಲ್ಲುಗಳನ್ನೂ ಚೀಟಿಗಳನ್ನೂ ಮೊದಲು ಹುಡುಕು. ಹೆಸರು ನಿಮ್ಮದೆಂದು ಸಾಕ್ಷಿ ಹೇಳುವುವು ಅವೇ.”