ಜೀಪು ಪೇಟೆಗೆ ಬಂದಾಗ ಹೊಂದಿಕೊಳ್ಳಬೇಕಾದವರು ಯಾರು?

ರಸ್ತೆಯೇ ಇಲ್ಲದ ಕಡೆ ಓಡಲೆಂದು ಹುಟ್ಟಿದ ಗಾಡಿ ಜೀಪು. ಅದು ಈಗ ಪೇಟೆಯಲ್ಲಿ ಕೊತ್ತಂಬರಿ ಸೊಪ್ಪು ತರಲು, ಮಕ್ಕಳನ್ನು ಶಾಲೆಗೆ ಬಿಡಲು, ಬ್ಯಾಂಕಿಗೆ ಚಲನ್ ಕಟ್ಟಲು ಓಡುತ್ತಿದೆ. ನಮ್ಮ ಮಂಡಿಪೇಟೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಕಂಡು ಮೂಗು ಮುರಿಯುವುದು ನಮ್ಮ ಉದ್ದೇಶವಲ್ಲ. ಯಾರು ಯಾವ ಗಾಡಿ ಕೊಳ್ಳಬೇಕೆಂಬುದು ಅವರವರ ಇಷ್ಟ, ಅವರವರ ಸಾಲ. ಆದರೆ ಕಾಡಿನ ಗಾಡಿಯನ್ನು ಊರಿನಲ್ಲಿ ದಿನಬಳಕೆಗೆ ಇಟ್ಟುಕೊಂಡವನು ಅದಕ್ಕೆ ಹೊಂದಿಕೊಳ್ಳಲು ಕಲಿಯಬೇಕಾದದ್ದು ಬಹಳ ಇದೆ. ಅವನು ಕಲಿಯದೆ ಹೋದರೆ ಆ ಕೆಲಸ ಬೇರೆಯವರ ತಲೆಗೆ ಬೀಳುತ್ತದೆ. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟ ಕಾರ್ಮಿಕ, ತಳ್ಳುಗಾಡಿಯ ಹೆಣ್ಣುಮಗಳು, ಅಂಗಡಿಯ ಮುಂದೆ ಮೂಟೆ ಇಳಿಸುತ್ತಿರುವ ಹಮಾಲ, ಇವರೆಲ್ಲ ಆ ಗಾಡಿಗೆ ಹೊಂದಿಕೊಳ್ಳಬೇಕಾಗುತ್ತದೆ. ನಾವು ಚರ್ಚಿಸಬೇಕೆಂದಿರುವುದು ಈ ವಿಷಯವನ್ನು.

ಜೀಪಿನ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಅಮೆರಿಕದ ಸೈನ್ಯಕ್ಕಾಗಿ ಇದರ ಮೊದಲ ಮಾದರಿ ತಯಾರಾಯಿತು. ಯುದ್ಧ ಮುಗಿಯುವುದರೊಳಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದ್ದವು. 1947ರ ಹೊತ್ತಿಗೆ ಅದು ಮಹೀಂದ್ರ ಕಂಪನಿಯ ಮೂಲಕ ನಮ್ಮ ದೇಶಕ್ಕೂ ಬಂತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾದ ಮೇಲೆ ಹಳ್ಳಿಯ ಜನರಿಗೆ ಸರ್ಕಾರ ಎಂದರೆ ಧೂಳೆಬ್ಬಿಸಿಕೊಂಡು ಬರುವ ಬ್ಲಾಕ್ ಜೀಪು ಎಂದೇ ಆಗಿಹೋಯಿತು. 1985ರಲ್ಲಿ ಬಂದ ಜಿಪ್ಸಿ ಪೊಲೀಸರ, ಸೈನಿಕರ ಗಾಡಿಯಾಯಿತು. ಮಲೆನಾಡಿನ ತೋಟಗಳಲ್ಲಿ ಕಾಫಿ ಮೂಟೆ, ಗೊಬ್ಬರ, ಬಾಣಂತಿ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತದ್ದು ಇದೇ ಜೀಪು. ಅದು ದುಡಿಯುವವರ ಗಾಡಿಯಾಗಿತ್ತು, ಇಲ್ಲವೆ ಅಧಿಕಾರಿಗಳ ಗಾಡಿಯಾಗಿತ್ತು. ಷೋಕಿಗೆ ಅದನ್ನು ಕೊಳ್ಳುವ ಕಾಲ ಬರುತ್ತದೆಂದು ಆಗ ಯಾರೂ ಎಣಿಸಿರಲಾರರು.

ಸಂಘಟನೆಯ ತಿರುಗಾಟಕ್ಕೆಂದು ನಮ್ಮ ಕೈಗೂ ಒಂದು ಹಳೆಯ ಪೆಟ್ರೋಲ್ ಜೀಪು ಬಂದು ಎಂಟು ತಿಂಗಳಾಯಿತು. ಹಳ್ಳಿಗಳಿಗೆ ಹೋಗಲು ತಂದ ಗಾಡಿ ಈಗ ಊರೊಳಗಿನ ಕೆಲಸಕ್ಕೂ ಅದೇ ಆಗಿದೆ. ಆದ್ದರಿಂದ ಹೇಳುವ ಮಾತು ಪುಸ್ತಕದಿಂದ ತೆಗೆದದ್ದಲ್ಲ.

ಮೊದಲನೆಯದಾಗಿ ಎತ್ತರ. ಜೀಪಿನಲ್ಲಿ ಕೂತವನಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ನೂರು ಮಾರು ಆಚೆಯ ಲಾರಿಯ ಬೆನ್ನ ಮೇಲಿನ ಬರಹ ಓದಬಹುದು. ಬಾನೆಟ್ಟಿನ ಅಂಚಿಗೇ ನಿಂತ ಐದು ವರ್ಷದ ಮಗು ಕಾಣದು. ಎತ್ತರದಲ್ಲಿ ಕೂತವರಿಗೆಲ್ಲ ಇರುವ ದೋಷವೇ ಇದು ಎಂದು ನಮ್ಮ ಕಚೇರಿಯ ಹುಡುಗರು ತಮಾಷೆ ಮಾಡುವುದುಂಟು. ತಮಾಷೆ ಹಾಗಿರಲಿ. ಇದಕ್ಕಾಗಿ ನಾವು ಮಾಡಿಕೊಂಡ ಪದ್ಧತಿ ಒಂದೇ: ನಿಂತ ಗಾಡಿಯನ್ನು ಹೊರಡಿಸುವ ಮುನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕುವುದು. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಿಲ್ಲುವುದು. ಹಿಂಬಾಗಿಲಿಗೆ ಸ್ಟೆಪ್ನಿ ತೂಗುಹಾಕಿರುವುದರಿಂದ ಹಿಂದಿನ ಗಾಜಿನಲ್ಲಿ ಅರ್ಧ ಪ್ರಪಂಚ ಮಾಯವಾಗಿರುತ್ತದೆ. ಆ ಬಾಗಿಲು ಮೇಲಕ್ಕೆ ಏಳುವುದಿಲ್ಲ, ಪಕ್ಕಕ್ಕೆ ತೆರೆಯುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದರೆ ಅಕ್ಕಿ ಮೂಟೆ ಒಳಗೇ ಉಳಿಯುತ್ತದೆ.

ಎರಡನೆಯದು ಹೆಚ್ಚು ಮುಖ್ಯ. ಜೀಪಿನ ಮೈ ಕೂತಿರುವುದು ಲಾರಿಗಿರುವಂಥ ಗಟ್ಟಿ ಚಾಸಿಯ ಮೇಲೆ. ಭಾರವೆಲ್ಲ ನೆಲದಿಂದ ಎತ್ತರದಲ್ಲಿರುತ್ತದೆ. ಕಾರು ಓಡಿಸಿ ಅಭ್ಯಾಸವಾದವನು ಅದೇ ವೇಗದಲ್ಲಿ ತಿರುವು ತೆಗೆದರೆ ಗಾಡಿ ಹೊರಗಡೆಗೆ ವಾಲುತ್ತದೆ. ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಸ್ಟೀರಿಂಗನ್ನು ಸರಕ್ಕನೆ ಎಳೆದರೆ ಮಗುಚುವ ಅಪಾಯ ಕಾರಿಗಿಂತ ಜೀಪಿಗೆ ಹೆಚ್ಚು. ಆದ್ದರಿಂದ ಇದನ್ನು ಓಡಿಸುವವನ ಮೊದಲ ಪಾಠ ವೇಗ ಕಡಿಮೆ ಮಾಡುವುದು, ಮುಂದಿನ ಗಾಡಿಗೂ ತನಗೂ ನಡುವೆ ಅಂತರ ಬಿಡುವುದು, ತಿರುವಿಗೆ ಮೊದಲೇ ಬ್ರೇಕು ಹಾಕಿ ಮುಗಿಸುವುದು. ನಮ್ಮ ಗಾಡಿಯಲ್ಲಿ ಸ್ಟೀರಿಂಗು ತಿರುಗಿಸಲು ತೋಳಿನ ಬಲ ಬೇಕು, ಪ್ಲೇಟು ಸ್ಪ್ರಿಂಗಿನ ಮೇಲೆ ಕೂತು ಹೋಗಲು ಸೊಂಟದ ಬಲ ಬೇಕು. ಮೊದಲ ತಿಂಗಳು ಬೆನ್ನು ನೋವು. ಎರಡನೆಯ ತಿಂಗಳಿಗೆ ನಿಧಾನವಾಗಿ ಹೋಗುವ ಬುದ್ಧಿ ತಾನಾಗಿ ಬಂತು. ಈಗಿನ ಹೊಸ ಗಾಡಿಗಳಲ್ಲಿ ಸ್ಟೀರಿಂಗು ಬೆರಳಿಗೆ ತಿರುಗುತ್ತದೆ, ಸೀಟು ಮೆತ್ತಗಿದೆ, ಒಳಗೆ ತಂಪು ಗಾಳಿ. ನಿಧಾನವಾಗಿ ಹೋಗು ಎಂದು ಮೈಗೆ ಹೇಳುತ್ತಿದ್ದ ಗುರುಗಳೆಲ್ಲ ನಿವೃತ್ತರಾಗಿದ್ದಾರೆ. ಗಾಡಿಯ ಎತ್ತರ ಮಾತ್ರ ಹಾಗೆಯೇ ಉಳಿದಿದೆ.

ಇನ್ನು ನಾಲ್ಕು ಚಕ್ರದ ಲಿವರು. ಹಲವರಿಗೆ ಇದು ಪೌರುಷದ ಲಿವರು, ತೊಟ್ಟಿಲಿನ ಮಗುವಿಗೆ ಗಿಲಕಿ ಇದ್ದಂತೆ. ಪೇಟೆಯ ಟಾರು ರಸ್ತೆಯಲ್ಲೂ ಎಳೆದು ನೋಡುತ್ತಾರೆ. ಇದರ ಒಳಗುಟ್ಟನ್ನು ಗ್ಯಾರೇಜಿನ ಹುಡುಗರು ಬಲ್ಲರು. ಜೀಪು ತಿರುವಿನಲ್ಲಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೊಡೆಯಬೇಕು. ಸಾಮಾನ್ಯ ಜೀಪಿನಲ್ಲಿ ಲಿವರು ಹಾಕಿದೊಡನೆ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡೂ ಒಂದೇ ಲೆಕ್ಕದಲ್ಲಿ ತಿರುಗುವಂತೆ ಕಟ್ಟುಬೀಳುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಒಣಗಿದ ಟಾರಿನ ಮೇಲೆ ಜಾರಲು ಆಸ್ಪದವಿಲ್ಲ. ಆ ಜಗ್ಗಾಟವೆಲ್ಲ ಗೇರಿನ ಮೇಲೆ, ಟೈರಿನ ಮೇಲೆ ಬೀಳುತ್ತದೆ; ಸ್ಟೀರಿಂಗು ಬಿಗಿಯುತ್ತದೆ, ಗಾಡಿ ಮುಗ್ಗರಿಸಿ ಹೆಜ್ಜೆ ಇಟ್ಟಂತೆ ನಡೆಯುತ್ತದೆ. ಊರೊಳಗೆ ಆ ಲಿವರನ್ನು ಮುಟ್ಟಬೇಕಾದ ದಿನವೇ ಇಲ್ಲ.

ಈ ಗಾಡಿಯನ್ನು ಓಡಿಸುವುದು ಹೇಗೆಂದು ನೋಡಬೇಕಾದವರು ಕೊಡಚಾದ್ರಿಗೆ ಹೋಗಿ ಅಲ್ಲಿನ ಜೀಪು ಡ್ರೈವರುಗಳನ್ನು ನೋಡಲಿ. 1343 ಮೀಟರ್ ಎತ್ತರದ ಬೆಟ್ಟ, ಕಲ್ಲು ಬಂಡೆಯ ದಾರಿ, ಒಂದು ಕಡೆ ಕಮರಿ. ಯಾತ್ರಿಕರನ್ನು ತುಂಬಿಕೊಂಡು ದಿನಕ್ಕೆ ಹಲವು ಬಾರಿ ಏರಿ ಇಳಿಯುವುದು ಅವರ ಹೊಟ್ಟೆಪಾಡು. ಅಲ್ಲಿ ಅಬ್ಬರವಿಲ್ಲ. ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ತಡೆಯಿಂದಲೇ ಇಳಿಜಾರನ್ನು ಇಳಿಸುವುದು, ಎದುರು ಗಾಡಿ ಬಂದರೆ ಅಗಲವಾದ ಕಡೆ ಒತ್ತಿ ನಿಂತು ದಾರಿ ಕೊಡುವುದು ಅಲ್ಲಿನ ಕ್ರಮ. ಗಾಡಿ ಬಿದ್ದರೆ ಅನ್ನ ಬಿದ್ದಂತೆ ಎಂದು ಅವರಿಗೆ ಗೊತ್ತು. ಅಂಥ ಬೆಟ್ಟದಲ್ಲಿ ಎದುರಿನವನಿಗೆ ದಾರಿ ಬಿಡುವ ಗಾಡಿ, ನಮ್ಮ ಪೇಟೆಗೆ ಬಂದೊಡನೆ ಹಾರನ್ನು ಒತ್ತಿ ಸೈಕಲ್ಲನ್ನು ಚರಂಡಿಗೆ ಇಳಿಸುತ್ತದೆ. ಗಾಡಿಯದು ತಪ್ಪೇ? ಹಾಗೆ ಓಡಿಸಲು ಹೇಳಿಕೊಟ್ಟವರದು ತಪ್ಪೇ?

ಹೇಳಿಕೊಟ್ಟದ್ದು ಜಾಹೀರಾತು. ಅದರಲ್ಲಿ ಈ ಗಾಡಿ ಹೊಳೆ ದಾಟುತ್ತದೆ, ಮರಳು ಹಾರಿಸುತ್ತದೆ, ಬಂಡೆ ಏರುತ್ತದೆ. ಹಾಲಿನ ಕ್ಯೂ ಪಕ್ಕದಲ್ಲಿ ನಿಂತ ಜೀಪನ್ನು ಯಾವ ಜಾಹೀರಾತಿನಲ್ಲೂ ನಾವು ನೋಡಿಲ್ಲ. 2020ರ ಅಕ್ಟೋಬರಿನಲ್ಲಿ ಥಾರ್ ಹೊಸ ರೂಪದಲ್ಲಿ ಬಂತು. 2023ರ ಜನವರಿಯಲ್ಲಿ ಅದೇ ಗಾಡಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತವಿರುವ ಮಾದರಿಯಾಗಿ 9.99 ಲಕ್ಷದಿಂದ ಮಾರಾಟಕ್ಕೆ ಬಂತು. ಎಂದರೆ ಜೀಪಿನ ಮುಖ, ಜೀಪಿನ ಎತ್ತರ, ಆದರೆ ಜೀಪನ್ನು ಜೀಪು ಮಾಡಿದ ನಾಲ್ಕು ಚಕ್ರದ ಎಳೆತವೇ ಇಲ್ಲ. ಕಂಪನಿಯವರನ್ನು ದೂರಿ ಪ್ರಯೋಜನವಿಲ್ಲ. ಗಿರಾಕಿ ಕೇಳುವುದು ಕೆಸರಿನಲ್ಲಿ ಓಡುವ ಶಕ್ತಿಯನ್ನಲ್ಲ, ಮೇಲೆ ಕೂರುವ ಗತ್ತನ್ನು ಎಂದು ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ.

ಇಲ್ಲಿ ಸರ್ಕಾರದ ಲೆಕ್ಕವೂ ನೋಡತಕ್ಕದ್ದೇ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡ 18, ದೊಡ್ಡವಕ್ಕೆ ಶೇಕಡ 40. ಸಣ್ಣದು ಯಾವುದು? ಉದ್ದ 4 ಮೀಟರ್ ಮೀರಬಾರದು. ಎಂಜಿನ್ನು ಡೀಸೆಲ್ ಆದರೆ 1500 ಸಿ.ಸಿ., ಪೆಟ್ರೋಲ್ ಆದರೆ 1200 ಸಿ.ಸಿ. ಮೀರಬಾರದು. ಮೂರು ಬಾಗಿಲಿನ ಥಾರ್ 3985 ಮಿಲಿಮೀಟರ್ ಉದ್ದ. ಅದರ ಚಿಕ್ಕ ಡೀಸೆಲ್ ಎಂಜಿನ್ನು 1497 ಸಿ.ಸಿ. ಹೀಗಾಗಿ ನೆಲದಿಂದ 226 ಮಿಲಿಮೀಟರ್ ಎತ್ತರದಲ್ಲಿ ಹೊಟ್ಟೆ ಇಟ್ಟುಕೊಂಡು ನಿಂತ ಈ ಗಾಡಿ ಸರ್ಕಾರದ ಪುಸ್ತಕದಲ್ಲಿ ಸಣ್ಣ ಕಾರು! ಮೊದಲು ಇಂಥ ಗಾಡಿಗೆ ಸೆಸ್ಸೂ ಸೇರಿ ಶೇಕಡ 31 ಇತ್ತು. ಸೈಕಲ್ಲಿನ ತೆರಿಗೆಯನ್ನೂ ಅದೇ ದಿನ ಶೇಕಡ 12ರಿಂದ 5ಕ್ಕೆ ಇಳಿಸಿದರು, ಅದು ಒಳ್ಳೆಯದೇ. ಆದರೆ ಗಾಡಿಯ ಉದ್ದ ಅಳೆದ ಟೇಪು ಅದರ ಮೂತಿಯ ಎತ್ತರವನ್ನು ಯಾಕೆ ಅಳೆಯಲಿಲ್ಲ?

ಅಳೆಯಬೇಕೆಂಬುದಕ್ಕೆ ಕಾರಣವಿದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯವರು ಸುಮಾರು 18,000 ಪಾದಚಾರಿ ಅಪಘಾತಗಳನ್ನು ಪರಿಶೀಲಿಸಿ 2023ರಲ್ಲಿ ಒಂದು ವರದಿ ಕೊಟ್ಟರು. ಬಾನೆಟ್ಟಿನ ಮುಂಚೂಣಿ 40 ಅಂಗುಲಕ್ಕಿಂತ ಎತ್ತರವಿರುವ ಗಾಡಿ, 30 ಅಂಗುಲದೊಳಗಿನ ಇಳಿಜಾರು ಮೂತಿಯ ಗಾಡಿಗಿಂತ ಪಾದಚಾರಿಯನ್ನು ಕೊಲ್ಲುವ ಸಂಭವ ಸುಮಾರು ಶೇಕಡ 45ರಷ್ಟು ಹೆಚ್ಚು ಎಂದು ಅವರು ಕಂಡುಕೊಂಡರು. ತಗ್ಗು ಕಾರು ತಾಗಿದರೆ ಮನುಷ್ಯನ ಕಾಲಿಗೆ ತಾಗುತ್ತದೆ. ಎತ್ತರದ್ದು ಎದೆಗೆ, ಮಗುವಾದರೆ ತಲೆಗೆ ತಾಗುತ್ತದೆ. ನಮ್ಮ ದೇಶದಲ್ಲಿ 2022ನೇ ಇಸವಿಯೊಂದರಲ್ಲೇ ರಸ್ತೆಯಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇಕಡ 44.5 ದ್ವಿಚಕ್ರದವರು, ಶೇಕಡ 19.5 ನಡೆದು ಹೋಗುತ್ತಿದ್ದವರು. ಕೇಂದ್ರ ಸರ್ಕಾರವೇ ಅಚ್ಚು ಹಾಕಿಸಿದ ಅಂಕಿಗಳಿವು. ಹೀಗಿರುವಾಗ ಆ ಎತ್ತರದ ಮೂತಿಗೆ ಇನ್ನೊಂದು ಕಬ್ಬಿಣದ ಗಾರ್ಡು ಬಿಗಿಸಿಕೊಂಡು ತಿರುಗುವವರಿಗೆ ಏನು ಹೇಳೋಣ? ಅಂಥ ಗಾರ್ಡುಗಳ ಮೇಲೆ ಕ್ರಮ ಜರುಗಿಸಬೇಕೆಂದು ಕೇಂದ್ರದ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆಯಿತು. ಬಿಗಿಸಿಕೊಡುವ ಅಂಗಡಿಗಳು ಇಂದಿಗೂ ತೆರೆದೇ ಇವೆ.

ಇವೆಲ್ಲಕ್ಕಿಂತ ನಮ್ಮನ್ನು ಚಿಂತೆಗೆ ಹಚ್ಚಿರುವುದು ಬೇರೊಂದು ಸಂಗತಿ. ಈ ಗಾಡಿ ಕೊಂಡ ವರ್ತಕ ಮಿತ್ರರನ್ನು ಯಾಕೆ ಕೊಂಡಿರಿ ಎಂದು ಕೇಳಿದರೆ ಹತ್ತರಲ್ಲಿ ಆರು ಮಂದಿ ಹೇಳುವುದು, “ಏನು ಮಾಡೋದು ಮೇಷ್ಟ್ರೇ, ನಮ್ಮೂರ ರಸ್ತೆ ನೀವೇ ನೋಡ್ತೀರಲ್ಲ. ಇದಾದರೆ ಗುಂಡಿ ಗೊತ್ತಾಗೋದಿಲ್ಲ.” ಮಾತು ಸುಳ್ಳಲ್ಲ. ನಮಗೂ ಜೀಪಿನಲ್ಲಿ ಕೂತ ಮೇಲೆ ಹಳೆಯ ಬಸ್ ನಿಲ್ದಾಣದ ಹತ್ತಿರದ ಗುಂಡಿಗಳು ಅಷ್ಟಾಗಿ ಗೊತ್ತಾಗುತ್ತಿಲ್ಲ. ಅಪಾಯವಿರುವುದು ಇಲ್ಲಿಯೇ. ಊರಿನಲ್ಲಿ ಯಾರ ಮಾತಿಗೆ ನಗರಪಾಲಿಕೆಯಲ್ಲಿ ಬೆಲೆಯುಂಟೋ, ಯಾರು ಫೋನು ಮಾಡಿದರೆ ಎಂಜಿನಿಯರು ಎದ್ದು ನಿಲ್ಲುತ್ತಾನೋ, ಅಂಥವರು ಒಬ್ಬೊಬ್ಬರಾಗಿ ಗುಂಡಿಯಿಂದ ಎರಡು ಅಡಿ ಮೇಲಕ್ಕೆ ಏರಿ ಕೂತುಬಿಟ್ಟರೆ, ಕೆಳಗೆ ಉಳಿದವರ ಪರವಾಗಿ ಕೂಗುವವರು ಯಾರು? ಹತ್ತು ಹದಿನೈದು ಲಕ್ಷ ಕೊಟ್ಟು ಒಬ್ಬೊಬ್ಬನೂ ತನ್ನ ಸೊಂಟಕ್ಕೆ ಮಾತ್ರ ರಸ್ತೆ ಮಾಡಿಸಿಕೊಂಡಂತಾಯಿತು. ಮೊಪೆಡ್ಡಿನಲ್ಲಿ ಹೆಂಡತಿ ಮಗುವನ್ನು ಕೂರಿಸಿಕೊಂಡು ಹೋಗುವವನಿಗೆ ಅದೇ ಗುಂಡಿ, ಅದೇ ಮಳೆನೀರು, ಮೇಲೆ ಜೀಪು ಎರಚಿದ ಕೆಸರು.

ಕೊಳ್ಳಬೇಕೆಂದಿರುವ ಚಿಲ್ಲರೆ ವರ್ತಕರಿಗೆ ಒಂದು ಮಾತು. ಕಂತು ಕಟ್ಟುವ ಮುನ್ನ ಮನೆಯ ಹಿರಿಯರನ್ನು ಮೂರು ಬಾಗಿಲಿನ ಗಾಡಿಯ ಹಿಂದಿನ ಸೀಟಿಗೆ ಒಂದು ಸಲ ಹತ್ತಿಸಿ ನೋಡಿ. ಮುಂದಿನ ಸೀಟು ಮಡಿಸಿ, ತಲೆ ಬಗ್ಗಿಸಿ, ಮಂಡಿ ಹಿಡಿದುಕೊಂಡು ನಿಮ್ಮ ತಾಯಿಯವರು ಏರಬಲ್ಲರೆ? ಹಿಂದಿನ ಸೀಟು ಎತ್ತಿಯೇ ಇದ್ದರೆ ಸಾಮಾನು ಇಡಲು ಜಾಗವೆಷ್ಟು? ನಾಲ್ಕು ಜನರ ಗಾಡಿಯಲ್ಲಿ ಆರು ಜನರ ಸಂಸಾರ ಹಿಡಿಸದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಅಂಗಡಿಯ ಬಂಡವಾಳಕ್ಕೂ ಅನ್ವಯಿಸುತ್ತದೆ. ವರ್ಷದಲ್ಲಿ ನಾಲ್ಕು ದಿನ ಮುಳ್ಳಯ್ಯನಗಿರಿ ಕಡೆ ಹೋಗುವ ಆಸೆಯಿದ್ದರೆ ಬಾಡಿಗೆ ಜೀಪು ಹಿಡಿಯಿರಿ; ಅಲ್ಲಿಯ ಡ್ರೈವರನಿಗೂ ನಾಲ್ಕು ಕಾಸು ಸಿಕ್ಕೀತು.

ಈಗಾಗಲೇ ಕೊಂಡವರು ಕೊಂಡಾಯಿತು. ಅವರ ಬಳಿ ನಾವು ಕೇಳುವುದು ಕಷ್ಟದ್ದಲ್ಲ. ಮುಂದಿನ ಕಬ್ಬಿಣವನ್ನು ಬಿಚ್ಚಿಸಿ. ಶಾಲೆ ಬಿಡುವ ಹೊತ್ತಿಗೆ ಗೇಟಿನಿಂದ ಐವತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಮಗುವನ್ನು ಕೈಹಿಡಿದು ಕರೆದುಕೊಂಡು ಬನ್ನಿ. ಮಳೆಗಾಲದಲ್ಲಿ ನೀರು ನಿಂತ ಕಡೆ ನಡೆಯುವವರ ಪಕ್ಕದಲ್ಲಿ ಎರಡನೆಯ ಗೇರಿಗೆ ಇಳಿಸಿ. ಗಾಡಿಯನ್ನು ಮಗನ ಕೈಗೆ ಕೊಡುವ ಮೊದಲು ಈ ಪಾಠಗಳನ್ನು ಅವನಿಗೂ ಹೇಳಿ.

ಓದುಗ ಬಂಧುಗಳಿಗೆ ತಿಳಿದಿರುವಂತೆ ಗುಂಡಿ ಮುಚ್ಚಿಸುವ ಅರ್ಜಿಗೆ ವಾರ್ಡು ವಾರ್ಡುಗಳಲ್ಲಿ ಸಹಿ ಸಂಗ್ರಹಿಸುವ ಕೆಲಸ ನಡೆದಿದೆ. ಇದುವರೆಗೆ ಸಹಿ ಹಾಕಿದವರೆಲ್ಲ ಸೈಕಲ್ಲಿನವರು, ಆಟೋದವರು, ಹಮಾಲರು. ಈ ಭಾನುವಾರದಿಂದ ಮನೆಯ ಮುಂದೆ ಎತ್ತರದ ಗಾಡಿ ನಿಂತಿರುವ ಬಾಗಿಲುಗಳನ್ನೂ ತಟ್ಟಬೇಕೆಂದು ಕಾರ್ಯಕರ್ತರನ್ನು ಕೇಳುತ್ತೇವೆ. “ನಮಗೆ ಗುಂಡಿ ಗೊತ್ತಾಗೋದಿಲ್ಲ” ಎಂದು ಯಜಮಾನರು ಹೇಳಿದರೆ ವಾದ ಬೇಡ. ಅವರ ಮನೆಗೆ ಹಾಲು ಹಾಕುವ ಹುಡುಗನನ್ನೂ ಪಾತ್ರೆ ತೊಳೆಯಲು ಬರುವ ಹೆಂಗಸನ್ನೂ ಅಲ್ಲಿಗೇ ಕರೆದು, ದಿನಾ ಯಾವ ದಾರಿಯಲ್ಲಿ ಬರುತ್ತಾರೆಂದು ಯಜಮಾನರ ಎದುರಿಗೇ ಕೇಳಿ. ಆಮೇಲೆ ಪೆನ್ನು ಕೊಡಿ.