ಡೀಸೆಲ್ ಕೂಪೆಯ ಗುಣ ಮತ್ತು ಋಣ

ದಿಲ್ಲಿಯಲ್ಲಿ ಕುಳಿತು ಡೀಸೆಲ್ ಕಾರನ್ನು ಹೊಗಳುವುದೆಂದರೆ ಸೂತಕದ ಮನೆಯಲ್ಲಿ ಹೋಳಿಗೆಯ ರುಚಿಯನ್ನು ವರ್ಣಿಸಿದಂತೆ. ನವೆಂಬರ್ ಬಂತೆಂದರೆ ಕಣ್ಣುರಿಯುವ, ಹೊಗೆಗಾಗಿ ಶಾಲೆಗಳಿಗೆ ರಜೆ ಕೊಡುವ ಊರಿದು. ಆದರೂ ಈ ಬರಹದ ಅರ್ಧಭಾಗವನ್ನು ಅಂಥದೊಂದು ಹೊಗಳಿಕೆಗೇ ಮೀಸಲಿಡುತ್ತಿದ್ದೇನೆ. ಬಯ್ಯುವುದು ಸುಲಭ. ಬಿಟ್ಟುಕೊಡುತ್ತಿರುವುದು ಏನೆಂದು ತಿಳಿಯದೆ ಬಯ್ದರೆ ಆ ಬೈಗುಳಕ್ಕೆ ತೂಕವಿರುವುದಿಲ್ಲ.

ಕಾರು ನನ್ನದಲ್ಲ, ನನ್ನಂಥವನ ಕೈಗೆಟಕುವಂಥದೂ ಅಲ್ಲ. ಹುಬ್ಬಳ್ಳಿ ಕಡೆಯಿಂದ ಬಂದು ನಾಲ್ಕು ದಶಕ ಇಲ್ಲಿಯೇ ವ್ಯಾಪಾರ ಮಾಡಿದ ಹಿರಿಯ ಗೆಳೆಯರೊಬ್ಬರದು. 2014ರ ಆಯುಧಪೂಜೆಯ ಹೊತ್ತಿಗೆ ಅವರು ಕೊಂಡದ್ದು ಬಿಎಂಡಬ್ಲ್ಯು 640ಡಿ ಗ್ರಾನ್ ಕೂಪೆ. ಹತ್ತು ವರ್ಷ ತುಂಬಲು ಕೆಲವೇ ತಿಂಗಳಿದ್ದಾಗ, 2024ರ ಫೆಬ್ರವರಿಯ ಒಂದು ಭಾನುವಾರ, ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಆಗ್ರಾದತ್ತ ಹೊರಟಾಗ ಅವರು ಗಾಡಿಯನ್ನು ಬದಿಗೆ ನಿಲ್ಲಿಸಿ, “ಇನ್ನ ಎಷ್ಟ ದಿನ ಇರ್ತೈತೋ ಏನೋ, ನೀವೂ ಒಂದಿಷ್ಟ ಓಡಿಸಿ ನೋಡ್ರಿ” ಎಂದು ಕೀಲಿ ಕೊಟ್ಟರು.

ಕೂಪೆ ಎಂಬ ಫ್ರೆಂಚ್ ಶಬ್ದದ ಅರ್ಥ ‘ಕತ್ತರಿಸಿದ್ದು’. ಕುದುರೆ ಸಾರೋಟಿನಲ್ಲಿ ಎದುರುಬದುರಾಗಿದ್ದ ಎರಡು ಆಸನಗಳಲ್ಲಿ ಒಂದನ್ನು ಕತ್ತರಿಸಿ ತೆಗೆದಾಗ ಉಳಿದ, ಇಬ್ಬರೇ ಕೂರುವ ಪುಟ್ಟ ಗಾಡಿಗೆ ಆ ಹೆಸರು ಬಂತು. ಅದೇ ಹೆಸರನ್ನು ಐದು ಮೀಟರ್ ಉದ್ದದ, ನಾಲ್ಕು ಬಾಗಿಲುಗಳ ಕಾರಿಗೆ ಅಂಟಿಸಿದ್ದು ಭಾಷೆಗೆ ಮಾಡಿದ ಸಣ್ಣ ಅಪಚಾರವೇ. 2004ರಲ್ಲಿ ಮರ್ಸಿಡಿಸ್ ತನ್ನ ಸಿಎಲ್‌ಎಸ್ ಮೂಲಕ ಈ ರೂಢಿಯನ್ನು ಬೆಳೆಸಿತು, ಉಳಿದವರು ಹಿಂಬಾಲಿಸಿದರು. ಇಲ್ಲಿ ಕತ್ತರಿಸಿದ್ದು ಆಸನವನ್ನಲ್ಲ, ತಲೆಯ ಮೇಲಿನ ಜಾಗವನ್ನು. ಹಿಂದೆ ಕೂತರೆ ನನ್ನ ಬೋಳುತಲೆ ಮಾಡಿಗೆ ಸವರುತ್ತದೆ. ಹೊರಗೆ ನಿಂತು ನೋಡಿದಾಗ ಮಾತ್ರ ಈ ದೂರು ಮರೆತುಹೋಗುತ್ತದೆ. ಸುಮಾರು ನಾಲ್ಕೂವರೆ ಅಡಿ ಎತ್ತರವಷ್ಟೇ ಇರುವ ಆ ಮೈ ನಿಂತಲ್ಲಿಯೇ ಸಾಗುತ್ತಿರುವಂತೆ ಕಾಣುತ್ತದೆ.

ಇಂಥ ವಿಲಾಸದ ಮೈಯೊಳಗೆ ಲಾರಿ, ಪಂಪ್‌ಸೆಟ್ಟುಗಳ ಇಂಧನವೇ? ಈ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಅಮೆರಿಕ ಸರ್ಕಾರ ಪ್ರತಿ ಕಂಪನಿಯೂ ತಾನು ಮಾರುವ ಕಾರುಗಳ ಸರಾಸರಿ ಇಂಧನ ಬಳಕೆಯನ್ನು ತಗ್ಗಿಸಬೇಕೆಂದು ಕಾನೂನು ಮಾಡಿತು. ಆ ಸರಾಸರಿಯನ್ನು ಸರಿದೂಗಿಸಲು ಮರ್ಸಿಡಿಸ್ 300ಸಿಡಿ ಎಂಬ ಡೀಸೆಲ್ ಕೂಪೆಯನ್ನು ಉತ್ತರ ಅಮೆರಿಕದ ಮಾರುಕಟ್ಟೆಗೆಂದೇ ತಯಾರಿಸಿತು. ಐದು ಸಿಲಿಂಡರು, ಆಟೊಮ್ಯಾಟಿಕ್ ಗೇರು, ಗಂಭೀರ ನಡೆ. ವೇಗದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಚಾಲಕನ ಆಸೆಯಿಂದಲ್ಲ, ಕಾನೂನಿನ ಒತ್ತಾಯದಿಂದ ಹುಟ್ಟಿದ ತಳಿಯಿದು.

ಅದು ಆಸೆಯ ವಸ್ತುವಾದದ್ದು ಟರ್ಬೊ ಮತ್ತು ಅಧಿಕ ಒತ್ತಡದ ಇಂಧನ ಸಿಂಪರಣೆ ಪಳಗಿದ ಮೇಲೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಬರಿಯ ಗಾಳಿಯನ್ನು ಹದಿನಾರು ಪಾಲಿಗೂ ಮಿಕ್ಕಿ ಅದುಮಿದಾಗ ಅದು ತಾನಾಗಿ ಕಾದು ಕೆಂಡವಾಗುತ್ತದೆ. ಆ ಬಿಸಿಗೆ ಇಂಧನವನ್ನು ಮಂಜಿನಂತೆ ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. 640ಡಿಯಲ್ಲಿ ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳು, 2993 ಸಿ.ಸಿ. ಗಾತ್ರ. ಸಿಲಿಂಡರಿನ ವ್ಯಾಸ 84 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 90. ಸಾಲಿನಲ್ಲಿ ನಿಂತ ಆರು ಸಿಲಿಂಡರುಗಳು ಪರಸ್ಪರರ ಕುಲುಕನ್ನು ತಾವೇ ಅಳಿಸಿಬಿಡುತ್ತವೆ. ಡೀಸೆಲ್‌ನ ಒರಟುತನಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಟರ್ಬೊಗಳು ಎರಡು: ಎಂಜಿನ್ ನಿಧಾನವಾಗಿ ತಿರುಗುವಾಗ ಚಿಕ್ಕದು ಚುರುಕಾಗಿ ಗಾಳಿ ತುಂಬುತ್ತದೆ, ವೇಗ ಏರಿದಂತೆ ದೊಡ್ಡದು ಹೊಣೆ ಹೊರುತ್ತದೆ. ಫಲವಾಗಿ ನಿಮಿಷಕ್ಕೆ 1500ರಿಂದ 2500 ಸುತ್ತಿನವರೆಗೆ 630 ನ್ಯೂಟನ್ ಮೀಟರ್ ಟಾರ್ಕ್ ಸಮತಟ್ಟಾಗಿ ಸಿಗುತ್ತದೆ.

ಟಾರ್ಕ್ ಎಂದರೇನೆಂದು ಕೇಳುವವರಿಗೆ ನಾನು ಕಪಿಲೆ ಬಾವಿಯ ಉದಾಹರಣೆ ಕೊಡುತ್ತೇನೆ. ತುಂಬಿದ ಬಾನೆಯನ್ನು ಮೇಲೆಳೆಯಲು ಇಳಿಜಾರಿನಲ್ಲಿ ಹೆಗಲು ಕೊಟ್ಟು ಹೆಜ್ಜೆಯಿಡುವ ಎತ್ತಿನ ಬಲ ಅದು. ಗಂಟೆಗೆ ಎಷ್ಟು ಬಾನೆ ನೀರು ಬಂತೆಂಬುದು ಅಶ್ವಶಕ್ತಿಯ ಲೆಕ್ಕ. ಪೆಟ್ರೋಲಿನ ಸ್ಪೋರ್ಟ್ಸ್ ಕಾರು ಚಿಕ್ಕ ಬಾನೆ ಕಟ್ಟಿಕೊಂಡು ಓಡೋಡಿ ಲೆಕ್ಕ ತುಂಬಿಸುತ್ತದೆ; ಡೀಸೆಲ್ ದೊಡ್ಡ ಬಾನೆಯನ್ನು ಸಾವಧಾನವಾಗಿ ಎಳೆಯುತ್ತದೆ. ಈ ಕಾರಿನ 313 ಅಶ್ವಶಕ್ತಿ ಪೂರ್ತಿ ಸಿಗುವುದು 4400 ಸುತ್ತಿನಲ್ಲಿ. ಆದರೆ 2500 ಸುತ್ತಿಗೇ 220ಕ್ಕೂ ಹೆಚ್ಚು ಕೈಗೆ ಬಂದಿರುತ್ತದೆ. ದಿನನಿತ್ಯದ ಓಡಾಟವೆಲ್ಲ ನಡೆಯುವುದು ಆ ಕೆಳಗಿನ ಭಾಗದಲ್ಲಿಯೇ.

ಆಟೊಮ್ಯಾಟಿಕ್ ಗೇರನ್ನು ಕೀಳಾಗಿ ಕಾಣುವ ರಸಿಕರಿದ್ದಾರೆ. ಕೈಯಿಂದ ಗೇರು ಬದಲಿಸದವನು ಚಾಲಕನೇ ಅಲ್ಲವೆಂಬುದು ಅವರ ಮತ. ಪೆಟ್ರೋಲಿನ ವಿಷಯದಲ್ಲಿ ಆ ಮಾತಿಗೆ ತಲೆದೂಗಬಹುದು. ಏಳು ಸಾವಿರ ಸುತ್ತಿನವರೆಗೆ ಹಾಡುವ ಎಂಜಿನ್ನನ್ನು ಒಂದೊಂದೇ ಸ್ವರ ಏರಿಸುತ್ತ ನುಡಿಸುವ ಸುಖ ಬೇರೆ. ಡೀಸೆಲ್‌ನ ಫಲವತ್ತಾದ ಹೊಲ ಕಿರಿದು. ಕೈಗೇರಿದ್ದರೆ ಉಳುಮೆ ಆರಂಭವಾಗುವಷ್ಟರಲ್ಲೇ ಬದು ಬಂದಿರುತ್ತದೆ, ಮತ್ತೆ ಕ್ಲಚ್ಚು, ಮತ್ತೆ ಗೇರು. ಜರ್ಮನಿಯ ಜಡ್‌ಎಫ್ ಕಂಪನಿಯ ಎಂಟು ಗೇರುಗಳ ಪೆಟ್ಟಿಗೆ ಈ ತೊಡಕನ್ನು ಬಿಡಿಸಿತು. ಅದರ ಮೊದಲ ಗೇರು 4.7ರಷ್ಟು ತಗ್ಗಿನದು, ಎಂಟನೆಯದು 0.67; ನಡುವಿನ ಮೆಟ್ಟಿಲುಗಳು ಎಷ್ಟು ಹತ್ತಿರವೆಂದರೆ ಎಂಜಿನ್ ತನ್ನ ಹೊಲ ಬಿಟ್ಟು ಕದಲಬೇಕಾಗಿಲ್ಲ. ಹೊರಡುವಾಗ ಟಾರ್ಕ್ ಕನ್ವರ್ಟರಿನೊಳಗಿನ ಎಣ್ಣೆ ಎಂಜಿನ್ನಿನ ನಡುಕವನ್ನು ನುಂಗಿಕೊಳ್ಳುತ್ತದೆ. ಗಾಡಿ ಹಿಡಿತಕ್ಕೆ ಬಂದ ಕೂಡಲೇ ಒಳಗಿನ ಬೀಗ ಬಿದ್ದು ಎಣ್ಣೆಯ ಜಾರಿಕೆ ನಿಲ್ಲುತ್ತದೆ.

ಕಾಗದದ ಲೆಕ್ಕದಲ್ಲಿ ಈ ಕಾರು ನಿಂತಲ್ಲಿಂದ 5.4 ಸೆಕೆಂಡಿನಲ್ಲಿ ಗಂಟೆಗೆ ನೂರು ಕಿಲೋಮೀಟರ್ ಮುಟ್ಟುತ್ತದೆ. ನಾನು ಪರೀಕ್ಷಿಸಲಿಲ್ಲ, ಆಸೆಯೂ ಆಗಲಿಲ್ಲ. ಎಕ್ಸ್‌ಪ್ರೆಸ್‌ವೇಯ ಮಿತಿ ನೂರು. ಆ ವೇಗದಲ್ಲಿ ಎಂಟನೆಯ ಗೇರಿನಲ್ಲಿ ಎಂಜಿನ್ ತಿರುಗುವುದು ಹೆಚ್ಚೂ ಕಡಿಮೆ 1500 ಸುತ್ತಿನಲ್ಲಿ, ಅಂದರೆ ಟಾರ್ಕ್‌ನ ಪ್ರಸ್ಥಭೂಮಿಯ ಅಂಚಿನಲ್ಲಿ. ಎಂಬತ್ತರಲ್ಲಿ ಸಾಗುತ್ತಿದ್ದ ಬಸ್ಸನ್ನು ದಾಟಲು ಪಾದವನ್ನು ತುಸು ಒತ್ತಿದೆ. ಗೇರು ಇಳಿಯಿತೋ ಇಲ್ಲವೋ ತಿಳಿಯಲಿಲ್ಲ, ಸದ್ದು ಏರಲಿಲ್ಲ, ಬಸ್ಸು ಮಾತ್ರ ಹಿಂದೆ ಸರಿಯಿತು. ಆತುರವಿಲ್ಲದ ವೇಗ ಎಂಬುದೊಂದು ಇದೆಯೆಂದು ನನಗೆ ತಿಳಿದದ್ದು ಆಗ. ಮೂಗು ಭಾರ ಹೌದು. ಒಟ್ಟು ತೂಕ ಹದಿನೆಂಟು ಕ್ವಿಂಟಾಲಿಗೂ ಹೆಚ್ಚು. ತಿರುವುಗಳಲ್ಲಿ ಕುಣಿಯುವ ಗಾಡಿಯಲ್ಲ, ಊರೊಳಗಿನ ಒಂದೊಂದು ರಸ್ತೆಯುಬ್ಬೂ ಅದಕ್ಕೆ ಪರೀಕ್ಷೆಯೇ. ಆದರೆ ದೂರದ ಪ್ರಯಾಣಕ್ಕೆ ಇಷ್ಟು ಒಪ್ಪುವ ಯಂತ್ರವನ್ನು ನಾನು ಇನ್ನೊಂದು ಓಡಿಸಿಲ್ಲ. ಆಗ್ರಾ ಮುಟ್ಟಿದಾಗ ಮೀಟರು ಲೀಟರಿಗೆ ಹದಿನೈದು ಕಿಲೋಮೀಟರಿನ ಆಸುಪಾಸು ತೋರಿಸುತ್ತಿತ್ತು.

ಇನ್ನು ಋಣದ ಮಾತು. ಈ ಸುಖ ಹುಟ್ಟುವ ಜಾಗದಲ್ಲಿಯೇ ಕೇಡೂ ಹುಟ್ಟುತ್ತದೆ. ಗಾಳಿಯನ್ನು ಅಷ್ಟು ಅದುಮಿ ಕಾಯಿಸುವುದರಿಂದಲೇ ಡೀಸೆಲ್ ಮಿತವ್ಯಯಿ. ಅದೇ ಬಿಸಿಯಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಇಂಧನದ ಹನಿ ಗಾಳಿಯೊಡನೆ ಪೂರ್ತಿ ಬೆರೆಯದೆ ಉರಿದಲ್ಲಿ ಮಸಿ ಏಳುತ್ತದೆ. ಅಂದಿನ ಬಿಎಸ್-4 ನಿಯಮ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 0.08 ಗ್ರಾಂ ನೈಟ್ರೋಜನ್ ಆಕ್ಸೈಡಿಗೆ ಮಾತ್ರ ಅನುಮತಿ ಕೊಟ್ಟಿದ್ದರೆ ಡೀಸೆಲ್‌ಗೆ 0.25 ಗ್ರಾಂ ಬಿಟ್ಟಿತ್ತು. ಮೂರು ಪಟ್ಟು! ಡೀಸೆಲ್ ಕೂಪೆಯ ಸೊಗಸಿಗೆ ಕಾನೂನೇ ಕೊಟ್ಟ ಸಾಲ ಇದು. ತೀರಿಸುತ್ತಿದ್ದವರು ರಸ್ತೆಬದಿಯಲ್ಲಿ ಉಸಿರಾಡುವವರು. ಬೆಲೆಯಲ್ಲೂ ಹಾಗೆಯೇ. ಈ ಕಾರು ಭಾರತಕ್ಕೆ ಬಂದ 2012ರಲ್ಲಿ ದಿಲ್ಲಿಯಲ್ಲಿ ಡೀಸೆಲ್ ಪೆಟ್ರೋಲಿಗಿಂತ ಲೀಟರಿಗೆ ಸುಮಾರು 20 ರೂಪಾಯಿ ಅಗ್ಗವಿತ್ತು. ರೈತನ ಪಂಪಿಗೂ ಸರಕಿನ ಲಾರಿಗೂ ಎಂದು ಬೆಲೆ ಹಿಡಿದಿಟ್ಟ ಇಂಧನ ಎಂಬತ್ತು ಲಕ್ಷ ದಾಟಿದ ಕಾರಿನ ಟ್ಯಾಂಕಿಗೂ ಬಿತ್ತು. ಗೆಳೆಯರು ಕಾರು ಕೊಂಡ ತಿಂಗಳಲ್ಲೇ, 2014ರ ಅಕ್ಟೋಬರಿನಲ್ಲಿ, ಸರ್ಕಾರ ಆ ನಿಯಂತ್ರಣವನ್ನು ಕೈಬಿಟ್ಟಿತು.

ಮರುವರ್ಷದ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದಿಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಓಡಬಾರದೆಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಜುಲೈಯಲ್ಲಿ ಇಂಥ ವಾಹನಗಳಿಗೆ ಬಂಕುಗಳಲ್ಲಿ ಇಂಧನ ಹಾಕದಿರುವ ಕ್ರಮ ಬಂದು ಕೆಲವೇ ದಿನಗಳಲ್ಲಿ ನಿಂತಿತು. ಆಗಸ್ಟಿನಲ್ಲಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ಸುಪ್ರೀಂ ಕೋರ್ಟ್ ಹೇಳಿತು. ಗೆಳೆಯರ ಕಾರು ಅಷ್ಟು ಹೊತ್ತಿಗೆ ನೆಲಮಾಳಿಗೆಯಲ್ಲಿ ಮುಸುಕು ಹೊದ್ದು ಮಲಗಿತ್ತು.

“ವಯಸ್ಸ ನೋಡಬ್ಯಾಡ್ರಿ, ಹೊಗಿ ಅಳೀರಿ ಅಂತ ಯಾಕ ಹೇಳೂದಿಲ್ಲ ಇವ್ರು?” ಎಂಬುದು ಅವರ ವಾದ. ಅರವತ್ತು ಸಾವಿರ ಕಿಲೋಮೀಟರ್ ಓಡಿದ, ಹೊತ್ತಿಗೆ ಸರಿಯಾಗಿ ಸರ್ವೀಸ್ ಕಂಡ ಕಾರಿಗೂ ಮೂರು ಲಕ್ಷ ಓಡಿ ಕೆಮ್ಮುವ ಟ್ಯಾಕ್ಸಿಗೂ ಒಂದೇ ಪಂಚಾಂಗವೇ ಎಂದು ಅವರು ಕೇಳುವುದು ನ್ಯಾಯವೇ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆದರೆ ಅಳೆಯುವ ಕೋಲು ಯಾವುದು? ಮಾಲಿನ್ಯ ತಪಾಸಣೆಯ ಕೇಂದ್ರದಲ್ಲಿ ಡೀಸೆಲ್ ಗಾಡಿಯನ್ನು ನಿಲ್ಲಿಸಿ, ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ದಟ್ಟವೆಂದು ನೋಡುತ್ತಾರೆ. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಕಣ್ಣಿಗೆ ಕಾಣುವ ಕರಿಹೊಗೆಯಿಲ್ಲದ ಒಳ್ಳೆಯ ಎಂಜಿನ್ ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ, ಮುಖ್ಯ ಆರೋಪದ ವಿಚಾರಣೆಯೇ ಆಗದೆ. ನಮ್ಮಲ್ಲಿ ಅಳತೆ ಕುರುಡಾಗಿರುವುದರಿಂದಲೇ ನ್ಯಾಯಾಲಯ ಕ್ಯಾಲೆಂಡರಿನ ಮೊರೆಹೊಕ್ಕಿದೆ. ಕ್ಯಾಲೆಂಡರು ಒರಟು ಸಾಧನ ನಿಜ. ಆದರೆ ಅದಕ್ಕೆ ಬದಲಾಗಿ ಈಗಿರುವ ಚೀಟಿಯನ್ನು ಒಪ್ಪಿಕೊಳ್ಳಿರೆಂದು ಕೇಳುವ ಧೈರ್ಯ ನನಗಿಲ್ಲ. ಓಡುವ ರಸ್ತೆಯಲ್ಲಿಯೇ ಹೊಗೆಕೊಳವೆಯ ಅನಿಲವನ್ನು ಅಳೆಯುವ ಉಪಕರಣಗಳು ಇಂದು ಇವೆ. ಅವನ್ನು ತಂದ ದಿನ ನಾನೂ ಗೆಳೆಯರ ಪಕ್ಕದಲ್ಲಿ ನಿಂತು ವಾದಿಸುವೆ.

ನಮ್ಮಿಬ್ಬರಿಗೆ ನಿಜವಾದ ಜಟಾಪಟಿ ನಡೆದದ್ದು ಇನ್ನೊಂದು ಮಾತಿಗೆ. ನಿರಾಕ್ಷೇಪಣಾ ಪತ್ರ ಪಡೆದು ಕಾರನ್ನು ಧಾರವಾಡದ ತಮ್ಮನ ಮನೆಗೆ ಒಯ್ಯಬೇಕೆಂಬುದು ಅವರ ಎಣಿಕೆ. ದಿಲ್ಲಿಯ ಸಾವಿರಾರು ಡೀಸೆಲ್ ಕಾರುಗಳು ಹೀಗೆಯೇ ಬೇರೆ ರಾಜ್ಯಗಳಿಗೆ ಸಾಗಿವೆ. ಕರ್ನಾಟಕದ ರಸ್ತೆಗಳಲ್ಲಿಯೂ ದಿಲ್ಲಿಯ ಹಳೆಯ ನಂಬರಿನ ದೊಡ್ಡ ಕಾರುಗಳನ್ನು ನೀವು ಕಂಡಿರಬಹುದು. ಅಲ್ಲಿ ನೋಂದಣಿಯ ಆಯುಸ್ಸು ಹದಿನೈದು ವರ್ಷ. ಕಾನೂನಿನಲ್ಲಿ ತಪ್ಪಿಲ್ಲ. ಆದರೆ ದಿಲ್ಲಿಯ ಮಗುವಿನ ಶ್ವಾಸಕೋಶಕ್ಕೆ ಸಲ್ಲದ ಹೊಗೆ ಧಾರವಾಡದ ಮಗುವಿಗೆ ಸಲ್ಲುತ್ತದೆಯೆ? ಅಲ್ಲಿ ಗಾಳಿ ಬೀಸುತ್ತದೆ, ಕಾರುಗಳು ಕಡಿಮೆ, ಒಂದು ಕಾರಿನಿಂದ ಏನಾದೀತು ಎಂದರು. ಒಂದೊಂದೇ ಕಾರು ಸೇರಿಯೇ ದಿಲ್ಲಿ ದಿಲ್ಲಿಯಾದದ್ದು. ಹೊರಗಿದ್ದು ಊರನ್ನು ಹಂಬಲಿಸುವ ನಾವು ಊರಿಗೆ ಕಳಿಸಬಹುದಾದ ಉಡುಗೊರೆಗಳಲ್ಲಿ ಇದೂ ಒಂದೇ ಎಂದು ನಾನು ತುಸು ಖಾರವಾಗಿಯೇ ಕೇಳಿದೆ. ಅವರು ಚಹಾದ ಲೋಟವನ್ನು ಕೆಳಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ನಕ್ಕು, “ಒಯ್ಯೂದಾದ್ರ ನೀವ ಡ್ರೈವರ್. ಒಬ್ಬನ ಕೈಲೇ ಅಷ್ಟ ದೂರ ಆಗೂದಿಲ್ಲ ನನಗ” ಎಂದರು. ದಿಲ್ಲಿಯಿಂದ ಧಾರವಾಡಕ್ಕೆ ಸುಮಾರು 1900 ಕಿಲೋಮೀಟರ್. ಆ ಕಾರಿಗೆಂದೇ ಹಾಸಿದಂಥ ಹಾದಿ. ಒಲ್ಲೆನೆಂದೆ. ಎನ್ನುವ ಮೊದಲು ಮನಸ್ಸು ಉದಯಪುರ ದಾಟಿ ಹೋಗಿತ್ತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕಾರು ಇನ್ನೂ ನೆಲಮಾಳಿಗೆಯಲ್ಲಿಯೇ ಇದೆ. ಬ್ಯಾಟರಿ ಇಳಿಯದಿರಲೆಂದು ಹದಿನೈದು ದಿನಕ್ಕೊಮ್ಮೆ ಚಾಲೂ ಮಾಡಿ, ಸದ್ದು ಹದಕ್ಕೆ ಬಂದ ಮೇಲೆ ನಿಲ್ಲಿಸುತ್ತಾರಂತೆ.